ಅಂಟೆನಾ ಮೇಲಿನ ಗಣಪ

ಕಗ್ಗದಾಸಪುರದ ರಾಮಾಂಜಿನಪ್ಪನವರು ಕಾರಿನಲ್ಲಿ ದಾರಿ ತೋರಿಸುವ ಪರದೆ ಕೆಟ್ಟಿದೆಯೆಂದು ಹಲಸೂರಿನ ರಿಪೇರಿ ಅಂಗಡಿಗೆ ಬಂದಾಗಲೆಲ್ಲ ಬೈಗುಳದಿಂದಲೇ ಶುರುಮಾಡುತ್ತಾರೆ: "ಮುತ್ತಣ್ಣ, ಒಳಗೆ ಮಾತಾಡೋ ಯಮ್ಮ ಇವತ್ತೂ ನನ್ನ ಕೆರೆಗೆ ಇಳಿಸೋಕೆ ನೋಡಿದ್ಲು." ಮುತ್ತಣ್ಣನ ಉತ್ತರವೂ ಬದಲಾಗುವುದಿಲ್ಲ: "ಡ್ಯಾಶ್‌ಬೋರ್ಡ್ ಅಡಿ ಅಂಟೆನಾ ಐತೆ. ಅದರ ಮೇಲೆ ಹಿತ್ತಾಳೆ ಗಣಪನ್ನ ಕೂರಿಸಿದ್ರೆ ಸಿಗ್ನಲ್ ಹೆಂಗೆ ಬರುತ್ತೆ ಯಜಮಾನ್ರೆ?" "ಪೂಜೆ ಮಾಡಿ ಕೂರಿಸಿರೋ ದೇವ್ರನ್ನ ಕದಲಿಸ್ತಾರೇನಯ್ಯ? ಈ ಕಡೆ ನಂಗೊತ್ತಿಲ್ದಿರೋ ದಾರಿ ಯಾವ್ದೈತೆ?" ಎಂದು ಗದರಿ, ಗಣಪನಿಗೆ ಕೈಮುಗಿದು ಹೊರಡುತ್ತಾರೆ. ಕಳೆದ ವಾರ ಮಾತ್ರ ಬೈಗುಳವಿಲ್ಲದೆ ಬಂದರು. ಗಣಪನನ್ನು ತಾವೇ ಎತ್ತಿ ಎಡಕ್ಕೆ ಕೂರಿಸಿ, ಮಗಳು ಸುಕನ್ಯಳ ಹೊಸ ಮನೆಯ ವಿಳಾಸ ಹಾಕಿಕೊಡು ಎಂದರು. ಗೃಹಪ್ರವೇಶದ ದಿನ ದಾರಿ ತಪ್ಪಿ, ಪೂಜೆ ಮುಗಿದ ಮೇಲೆ ತಲುಪಿದ್ದರಂತೆ. ಆ ಮನೆ ಎದ್ದಿರುವುದು ಅವರೇ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ.