ಸೋಮವಾರದ ಹೊಗೆ

ಪೀಣ್ಯದ ಹಿಂಬದಿಯ ನಮ್ಮ ಬೀದಿಯಲ್ಲಿ ಸೋಮವಾರ ಬೆಳಿಗ್ಗೆ ಯಾರೂ ಬಟ್ಟೆ ಒಣಹಾಕುತ್ತಿರಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಎದುರಿಗೇ ಇತ್ತು. ಭಾನುವಾರ ಅದರ ಬಾಯ್ಲರ್ ಆರಿಸಿರುತ್ತಿದ್ದರು. ಸೋಮವಾರ ಸೌದೆ, ಚಿಂದಿ ಹಾಕಿ ಬೆಂಕಿ ಹೊತ್ತಿಸಿ ಕಲ್ಲಿದ್ದಲು ಸುರಿದಾಗ ಒಂದು ಗಂಟೆ ಚಿಮಣಿಯಿಂದ ಕಪ್ಪು ಹೊಗೆ ಬರುತ್ತಿತ್ತು. ಆಮೇಲೆ ತೆಳುವಾಗುತ್ತಿತ್ತು.

ಇದನ್ನು ನನಗೆ ತಿಳಿಸಿದವರು ಆ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಆಪರೇಟರೇ. ಅವರೂ ಅವರ ಹೆಂಡತಿಯೂ ಕೆಳಗಿನ ಮನೆಯಲ್ಲಿ, ನಾನು ಮೇಲೆ, ಎಲ್ಲರೂ ಬಾಡಿಗೆಗೆ. ಆಕೆಗೆ ಉಬ್ಬಸ. ಮೆಟ್ಟಿಲು ಹತ್ತಿ ತಾರಸಿಗೆ ಬಂದರೆ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತು, ಚಿಮಣಿ ನೋಡುತ್ತಿದ್ದರು.

"ತೆಳ್ಳಗಾಯ್ತು ನೋಡಿ ಸಾರ್. ನಮ್ಮೋರು ಈಗ ಟೀ ಕುಡೀತಾ ಕೂತಿರ್ತಾರೆ."

ಕಾರ್ಖಾನೆಯ ಹಿಂದಿನ ಅಪಾರ್ಟ್‌ಮೆಂಟಿನವರು ಪರಿಸರ ನ್ಯಾಯಮಂಡಳಿಗೆ ಹೋದರು. ಕಲ್ಲಿದ್ದಲು ನಿಂತು ಗ್ಯಾಸ್ ಬರಬೇಕೆಂಬುದು ಅವರ ಬೇಡಿಕೆ. ಕಲ್ಲಿದ್ದಲನ್ನಾದರೆ ಅಂಗಳದಲ್ಲಿ ಕೂಡಿಡಬಹುದು, ಗ್ಯಾಸ್ ಪೈಪಿನಲ್ಲಿ ಬರುವುದು, ಅದು ನಿಂತರೆ ಕೆಲಸವೇ ನಿಲ್ಲುತ್ತದೆ ಎಂಬುದು ಕಾರ್ಖಾನೆಯ ವಾದ. ನಾನು ಪತ್ರಿಕೆಯ ವರದಿಗಾರ. ಎರಡೂ ಕಡೆಯ ಮಾತು ಬರೆದೆ. ಜೊತೆಗೆ ನಮ್ಮ ತಾರಸಿಯಿಂದ ಹಿಂದೊಮ್ಮೆ ತೆಗೆದಿದ್ದ ಚಿಮಣಿಯ ಫೋಟೋ ಕೊಟ್ಟೆ. ಅದರ ಕೆಳಗೆ "ಇದು ಇಲ್ಲಿನ ನಿತ್ಯದ ನೋಟ" ಎಂದು ಬರೆದವನೂ ನಾನೇ.

ವರದಿ ಬಂದ ಮರುದಿನ ಸಂಜೆ ಆಪರೇಟರ್ ಪತ್ರಿಕೆ ಮಡಚಿಕೊಂಡು ಮೇಲೆ ಬಂದರು.

"ಸಾರ್, ಇದು ಸೋಮವಾರದ್ದಲ್ವಾ?"

ಹೌದು ಎಂದೆ.

"ದಿನಾ ಇಂಗೇ ಅಂತ ಬರ್ದಿದೀರಲ್ಲ. ಮ್ಯಾನೇಜರ್ರು ಕೇಳ್ತಾವ್ರೆ, ನಿಂಗೆ ಬೆಂಕಿ ಆಕಕ್ಕೂ ಬರಲ್ವಾ ಅಂತ. ಗ್ಯಾಸ್ ಬಂದ್ರೆ ಮೊದ್ಲು ನನ್ನೇ ಕಳಿಸ್ತಾರಂತೆ."

ಹಿಂದೆಯೇ ಬಂದ ಹೆಂಡತಿ ಉಸಿರು ಸುಧಾರಿಸಿಕೊಂಡು ಗಂಡನಿಗೆ, "ಸಾರ್ ಫೋಟೋ ಹೊಡೆಯೋವಾಗ ತಲೆ ಬಾಚ್ಕೊಂಡು ಚಿಮಣಿ ಪಕ್ಕ ನಿಂತ್ಕೋಬೇಕಿತ್ತು ನೀವು" ಎಂದರು. ಗಂಡ ನಕ್ಕರು. ನನಗೆ ನಗಲಾಗಲಿಲ್ಲ.

"ಕಲ್ಲಿದ್ಲು ಲಾರಿ ಡ್ರೈವರ್ ಏಳ್ತಿದ್ದ ಸಾರ್," ಎಂದರು ಆಪರೇಟರ್. "ಗಣಿ ಕಡೇನೂ ಧೂಳಿನ್ ಕೇಸು ನಡೀತೈತಂತೆ. ಅಲ್ಲಿರೋರ್ಗೂ ನಿದ್ದೆ ಇಲ್ವಂತೆ."

"ಹೊಗೆ ಹೋಗ್ಲಿ ಸಾರ್," ಎಂದರು ಆಕೆ. "ಇವ್ರ ಕೆಲ್ಸ ಇರ್ಲಿ."

ಉಳಿದ ದಿನಗಳಲ್ಲಿ ಹೊಗೆಯೇ ಇರಲಿಲ್ಲವೆಂದಲ್ಲ. ಆಕೆಯ ಉಬ್ಬಸ ಸೋಮವಾರಕ್ಕೆ ಸೀಮಿತವಾಗಿರಲಿಲ್ಲ. ಆದರೆ ನಾನು ಬರೆದ ಸಾಲು ತಪ್ಪಾಗಿತ್ತು, ತಪ್ಪೆಂದು ತಿಳಿದಿರಬೇಕಾದವನು ನಾನೇ. ಮೂರನೆಯ ದಿನ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು: ಚಿತ್ರ ಸೋಮವಾರ ಬೆಂಕಿ ಹೊತ್ತಿಸುವ ಹೊತ್ತಿನದು, ನಿತ್ಯವೂ ಹೀಗಿರುವುದಿಲ್ಲ. ಆಪರೇಟರ್ ಅದನ್ನು ಕತ್ತರಿಸಿ, ತಮ್ಮ ಬಾಯ್ಲರ್ ಸರ್ಟಿಫಿಕೇಟ್ ಇಟ್ಟಿದ್ದ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಮ್ಯಾನೇಜರ್ ಹತ್ತಿರ ಒಯ್ದರು.

ಕೆಲವು ತಿಂಗಳಲ್ಲಿ ನ್ಯಾಯಮಂಡಳಿಯ ಆದೇಶ ಬಂತು. ಕಾರ್ಖಾನೆ ಗ್ಯಾಸ್‌ಗೆ ಬದಲಾಗಬೇಕಿತ್ತು. ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ ಇಬ್ಬರು ಕೆಲಸ ಕಳೆದುಕೊಂಡರು. ಅವರ ಬಗ್ಗೆ ನಾನು ಬರೆದದ್ದು ಒಂದೇ ವಾಕ್ಯ. ಆಪರೇಟರನ್ನು ಹೊಸ ಬಾಯ್ಲರಿನ ತರಬೇತಿಗೆ ಕಳಿಸಿ ಉಳಿಸಿಕೊಂಡರು. ಅದು ತಿದ್ದುಪಡಿಯಿಂದ ಆದದ್ದು ಎನ್ನಲು ನನ್ನಲ್ಲಿ ಆಧಾರವಿಲ್ಲ. ಅವರು ಮಾತ್ರ ಹಾಗೆಂದೇ ನಂಬಿದ್ದರು. ನಾನು ಅಲ್ಲಗಳೆಯಲಿಲ್ಲ.

ಗ್ಯಾಸ್ ಹೊತ್ತಿಸಿದ ಮೊದಲ ಸೋಮವಾರವೂ ಆಪರೇಟರ್ ಅಭ್ಯಾಸಬಲದಿಂದ, ಕಲ್ಲಿದ್ದಲಿಗೆ ಬೆಂಕಿ ಹೊತ್ತಿಸಲು ಹೋಗುತ್ತಿದ್ದಂತೆ, ಪಾಳಿಗೆ ಎರಡು ಗಂಟೆ ಮುಂಚೆಯೇ ಹೊರಟರು. ಬೆಳಕಾದ ಮೇಲೆ ಆಕೆ ಬಕೆಟ್ ಹಿಡಿದು ತಾರಸಿಗೆ ಬಂದರು. ಗಂಡನ ಬಿಳಿ ಬನಿಯನ್‌ಗಳು, ಬಿಳಿ ಪಂಚೆ. ಒಂದೊಂದೇ ಕೊಡವಿ ಹರವಿದರು. ಮುಗಿದರೂ ಕೆಳಗಿಳಿಯದೆ ಚಿಮಣಿಯ ಕಡೆಗೇ ನೋಡುತ್ತ ನಿಂತಿದ್ದರು. ಅದರ ಮೇಲೆ ಬರೀ ಆಕಾಶ.

"ಟೀ ಕುಡಿದ್ರೋ ಇಲ್ವೋ, ಈಗ ಎಂಗೆ ಗೊತ್ತಾಗ್ಬೇಕು ಸಾರ್?"

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದರು.