ಮೊಳ ಹಾಕುವ ಕೈ

ನನ್ನ ಕಥೆಗಳಿಗೆ ಮೂವತ್ತು ವರ್ಷದಿಂದ ಚಿತ್ರ ಬರೆಯುತ್ತ ಬಂದ ಗೆಳೆಯನಿಗೆ ಒಂದು ಕೆಟ್ಟ ಅಭ್ಯಾಸವಿದೆ: ಕಥೆಯನ್ನು ಪೂರ್ತಿ ಓದುತ್ತಾನೆ. ಈಗಿನ ಪ್ರಕಾಶಕರಿಗೆ ಆ ಚಟವಿಲ್ಲ.

ಹೊಸ ಸಂಕಲನದ ಮುಖ್ಯ ಕಥೆ ಸಾರಕ್ಕಿ ಮಾರ್ಕೆಟ್ಟಿನ ಹೂವಿನವಳದ್ದು. ಎಲ್ಲರಿಗೂ ಸರವನ್ನು ಮೊಣಕೈಯಿಂದ ಈಚೆಗೆ ಜಾರಿಸಿ ಗಿಡ್ಡ ಮೊಳ ಹಾಕುವವಳು, ಒಬ್ಬಳಿಗೆ ಮಾತ್ರ ತುಂಬಿದ ಮೊಳ ಹಾಕುತ್ತಾಳೆ. ಕಥೆಯ ಜೀವ ಇರುವುದೇ ಆ ಕೈಯಲ್ಲಿ. ಮುಖಪುಟ ಗೆಳೆಯನೇ ಬರೆಯಬೇಕೆಂದು ಮೊದಲೇ ಮಾತಾಗಿತ್ತು. ಹೋದ ವರ್ಷವಿಡೀ ಅವನಿಗೆ ಬಂದಿದ್ದ ಕೆಲಸ ಅದೊಂದೇ.

ಜಯನಗರದ ಕಚೇರಿಗೆ ಇಬ್ಬರನ್ನೂ ಕರೆಸಿಕೊಂಡ ಪ್ರಕಾಶಕ ಮಹಾಶಯ ಕಂಪ್ಯೂಟರ್ ತಿರುಗಿಸಿ ತೋರಿಸಿದ. ಮೂರು ಸಾಲು ಟೈಪ್ ಮಾಡಿ ಎಐ ಕೈಲಿ ಮಾಡಿಸಿದ ಚಿತ್ರವಂತೆ. ಆಗಷ್ಟೇ ಬ್ಯೂಟಿ ಪಾರ್ಲರಿನಿಂದ ಎದ್ದು ಬಂದಂಥ ಹೆಂಗಸು, ಹಿಂದೆ ಸೂರ್ಯಾಸ್ತ. ಮಲ್ಲಿಗೆ ಮಾಲೆಯನ್ನು ಎರಡು ಕೈಯಲ್ಲೂ ಅಗಲಕ್ಕೆ ಹಿಡಿದು ನಿಂತಿದ್ದಳು. ನಮ್ಮ ಸೋದರತ್ತೆ ಇದ್ದಿದ್ದರೆ, “ಹೂವು ಮಾರ್ತಿದ್ದಾಳೋ, ಬಟ್ಟೆ ಒಣಹಾಕ್ತಿದ್ದಾಳೋ?” ಎನ್ನುತ್ತಿದ್ದಳು. ಲೋಕದ ಚಿತ್ರಗಾರರ ಕೆಲಸವನ್ನೆಲ್ಲ ಹೇಳದೆ ಕೇಳದೆ ನುಂಗಿದ ಯಂತ್ರಕ್ಕೆ ಒಂದು ಮೊಳ ಹೂವು ಅಳೆಯಲು ಬಂದಿರಲಿಲ್ಲ.

“ಸಖತ್ತಾಗಿದೆ ಅಲ್ವಾ ಸಾರ್? ಎರಡೇ ನಿಮಿಷ,” ಎಂದ ಪ್ರಕಾಶಕ, ತಾನೇ ಹೆತ್ತವನಂತೆ.

“ಮೊಳ ಎಲ್ಲಿ?” ಎಂದೆ.

“ಅದಕ್ಕೇ ಇವರನ್ನ ಕರೆಸಿದ್ದು.” ಗೆಳೆಯನ ಕಡೆ ತಿರುಗಿದ. “ಕೈ ಒಂದು ಸರಿ ಮಾಡ್ಕೊಡಿ ಸಾರ್. ಮಿಕ್ಕಿದ್ದೆಲ್ಲ ರೆಡಿ ಇದೆ.”

ಅಂಗಿಗೆ ಗುಂಡಿ ಹಾಕಿಸಿಕೊಳ್ಳುವವರ ದನಿ ಅದು. ಗೆಳೆಯ ಕನ್ನಡಕ ಒರೆಸಿಕೊಂಡು ಪರದೆಯನ್ನೇ ನೋಡಿದ.

“ಮೊಳ ಹಾಕೋ ಕೈ ಬರೆದ್ರೆ ಭುಜ ಬಗ್ಗುತ್ತೆ. ಭುಜ ಬಗ್ಗಿದ್ರೆ ಬೆನ್ನು. ಕಣ್ಣು ಗಿರಾಕಿ ಮೇಲಿರ್ಬೇಕು, ಈಯಮ್ಮ ಫೋಟೊಗೆ ನಿಂತಿದ್ದಾಳೆ. ಇವಳನ್ನ ಪೂರಾ ಅಳಿಸ್ಬೇಕಾಗುತ್ತೆ.”

“ಅಷ್ಟೆಲ್ಲ ಯಾರು ನೋಡ್ತಾರೆ ಸಾರ್? ಕೈ ಸಾಕು.”

ನೋಡದವರಿಗಾಗಿಯೇ ಪುಸ್ತಕ ಮಾಡುವ ಉದ್ಯಮವೊಂದು ಬೆಳೆದಿದೆಯೆಂದು ನನಗೆ ಅಂದು ತಿಳಿಯಿತು. ಕಥೆ ಓದಿದ್ದೀರಾ ಎಂದು ಕೇಳಿದೆ. ಸಾರಾಂಶ ಓದಿದ್ದನಂತೆ. ಅದನ್ನೂ ಯಂತ್ರವೇ ಬರೆದುಕೊಟ್ಟಿತ್ತು. ಹಸ್ತಪ್ರತಿಯನ್ನು ಮೇಜಿನಿಂದ ಎತ್ತಿಕೊಂಡು ಎದ್ದೆ.

“ನನ್ನಿಂದ ನಿನ್ ಪುಸ್ತಕ ನಿಂತೋಯ್ತಲ್ಲೋ,” ಎಂದು ಗೆಳೆಯ ಬಸ್ಸಿನಲ್ಲಿ ಉದ್ದಕ್ಕೂ ಗೊಣಗಿದ. ಸಾರಕ್ಕಿಯಲ್ಲಿ ಇಳಿದು ಒಂದು ಮೊಳ ಸೇವಂತಿಗೆ ಕೇಳಿದ. ಹೂವಿನಾಕೆ ನಮ್ಮ ಮುಖ ನೋಡುತ್ತಲೇ ಸರಕ್ಕನೆ ಅಳೆದು ಕತ್ತರಿಸಿದಳು.

“ಗಿಡ್ಡ ಆಯ್ತಲ್ಲಮ್ಮ,” ಎಂದೆ.

“ನಿಮ್ ಕೈ ಉದ್ದ ಸಾಮಿ, ನಾನೇನ್ ಮಾಡ್ಲಿ?”

ಗೆಳೆಯ ಆಗಲೇ ಜೇಬಿನಿಂದ ಪೆನ್ಸಿಲು ತೆಗೆದಿದ್ದ. ನನ್ನ ಹಸ್ತಪ್ರತಿಯನ್ನು ಕಿತ್ತುಕೊಂಡು, ಕೊನೆಯ ಹಾಳೆಯ ಬೆನ್ನಿಗೆ ಗೀಚುತ್ತ, “ಇನ್ನೊಂದು ಮೊಳ ಹಾಕಮ್ಮ, ನಿಧಾನಕ್ಕೆ,” ಎಂದ.