ಸವರಿಮುತ್ತುವಿನ ವಿನಯ

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಯ ಸವರಿಮುತ್ತುವಿನ ವಿನಯವನ್ನು ಪಕ್ಕದ ಮನೆಯ ಆದಿಲಕ್ಷ್ಮಮ್ಮ ಒಂದು ದಿನವೂ ನಂಬಿದವಳಲ್ಲ. ಗಣಿ ಮುಚ್ಚುವವರೆಗೂ ಮೇಸ್ತ್ರಿಯಾಗಿದ್ದ ಈ ಮನುಷ್ಯನ ಗದರಿಕೆಗೆ ಇಡೀ ಸಾಲು ನಡುಗುತ್ತಿದ್ದುದು ಅವಳಿಗೆ ಮರೆತಿಲ್ಲ. ಅಂಥವನು ಈಗ ಚರ್ಚಿನಲ್ಲಿ ಕೊನೆಯ ಬೆಂಚು ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಹಬ್ಬದ ಬಿರಿಯಾನಿಯನ್ನು ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣುತ್ತಾನೆ. ಬೀದಿನಾಯಿ ಅಡ್ಡ ಮಲಗಿದ್ದರೂ ಸೈಕಲ್ಲಿನಿಂದ ಇಳಿದು ಸುತ್ತಿಕೊಂಡು ಹೋಗುತ್ತಾನೆ. ಏನು ಕೇಳಿದರೂ "ಎಲ್ಲಾ ಆಂಡವರ ಚಿತ್ತ ಅಮ್ಮಾ" ಎಂದು ದೇವರ ಮೇಲೆ ಹಾಕುತ್ತಾನೆ. "ಎಲೆಕ್ಷನ್‌ಗೆ ನಿಲ್ತಾನೆ, ನೋಡ್ತಾ ಇರು" ಎಂದು ಅವಳು ಸೊಸೆ ಪ್ರಿಯಾಳಿಗೆ ಎಷ್ಟೋ ಸಲ ಹೇಳಿದ್ದಳು. ಮೊನ್ನೆ ಬೀದಿ ನಲ್ಲಿಗೆ ಬೇತಮಂಗಲದ ನೀರು ಬಂದಾಗ, ಎದುರುಮನೆಯ ಬೈರೇಶ ಸವರಿಮುತ್ತುವಿನ ಕೊಡವನ್ನು ಒದ್ದು, "ಓಗ್ಲಾ ಮುದ್ಕಾ, ಅತ್ಲಾಗೆ" ಎಂದ. ಸವರಿಮುತ್ತು ಉರುಳಿದ ಕೊಡವನ್ನು ಎತ್ತಿಕೊಂಡು, "ನೀನೇ ಮೊದ್ಲು ಇಡ್ಕೊಳ್ಳಪ್ಪಾ" ಎಂದು ನಕ್ಕು, ನೆಟ್ಟಗೆ ಚರ್ಚಿನತ್ತ ನಡೆದ. ಇವತ್ತು ಇವನ ನಾಟಕ ಬಯಲಾಗಲಿ ಎಂದುಕೊಂಡು ಆದಿಲಕ್ಷ್ಮಮ್ಮ ಹಿಂದೆಯೇ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಒಳಗೆ ಬೇರೆ ಯಾರೂ ಇರಲಿಲ್ಲ. ಅವನು ಮಂಡಿಯೂರಿ, ಬಿಗಿದ ಮುಷ್ಟಿಯನ್ನು ಶಿಲುಬೆಯತ್ತ ಚಾಚಿದ್ದ. "ಆಂಡವರೇ, ಅವನ ಅಲ್ಲು ಉದುರಿಸ್ಬೇಕು ಅನ್ನಿಸ್ತಾ ಐತೆ. ಇವತ್ತೂ ತಡ್ಕೊಳ್ಳಾಕೆ ನನ್ ಕೈಲಿ ಆಗ್ತಾ ಇಲ್ಲ. ಈ ಕೈನ ನೀನೇ ಇಡ್ಕೋ" ಎಂದು ಮಗುವಿನಂತೆ ಅಳುತ್ತಿದ್ದ. ಆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವವರೆಗೂ ಆದಿಲಕ್ಷ್ಮಮ್ಮನಿಗೆ ಅಲ್ಲಿಂದ ಕದಲಲಾಗಲಿಲ್ಲ.